ಒಂಬೈನೂರು ಮಿಲಿಗ್ರಾಂ ಇಂಗಾಲ

ಲಾರಿಯ ಹಳೆಯ ಕಮಾನ್ ಪಾಟಾದಿಂದ ಎರಡೂವರೆ ಸೆಂಟಿಮೀಟರ್ ಅಗಲದ ಒಂದು ಪಟ್ಟಿ ಕತ್ತರಿಸಿಕೊಂಡರೆ ಸಾಕು, ಅದರಲ್ಲಿ ಅಡುಗೆಮನೆಯ ಒಂದು ಚಾಕು ಇದೆ. ಗುಜರಿಗೆ ಬರುವ ಉದ್ದನೆಯ ಪಾಟಾ ಎಂಟು ಸೆಂ.ಮೀ. ಅಗಲ, ಹನ್ನೆರಡು ಮಿ.ಮೀ. ದಪ್ಪ, ನಾಲ್ಕಡಿ ಉದ್ದ ಎಂದಿಟ್ಟುಕೊಳ್ಳಿ. ತೂಕ ಒಂಬತ್ತು ಕಿಲೋ. ಅಡ್ಡಕ್ಕೆ ಕತ್ತರಿಸಿದ ಆ ಪಟ್ಟಿಯ ತೂಕ ಸುಮಾರು 190 ಗ್ರಾಂ. ಬೆಂಕಿಯಲ್ಲಿ ಕಿಟ್ಟವಾಗಿ ಉದುರಿದ್ದು, ಸಾಣೆಯಲ್ಲಿ ಸವೆದದ್ದು ಕಳೆದು 150 ಗ್ರಾಂ ಉಳಿಯುತ್ತದೆ. ಆರು ಇಂಚಿನ ಅಲಗು, ಹಿಡಿಯೊಳಗೆ ಹೋಗಿ ಕೂರುವ ಬಾಲ, ಎರಡಕ್ಕೂ ಅಷ್ಟೇ ಸಾಕು. ಯಾರೋ ಬಿಸಾಕಿದ ಒಂದು ಪಾಟಾದಲ್ಲಿ ನಲವತ್ತೆಂಟು ಮನೆಗಳ ಚಾಕು ಅಡಗಿ ಕೂತಿರುತ್ತದೆ.

ರಾಯಚೂರಿನಿಂದ ಕೃಷ್ಣೆ ದಾಟಿ ಮಕ್ತಲ್ ಮೇಲೆ ಮಹಬೂಬ್‌ನಗರಕ್ಕೆ ಹೋಗುವ 167ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಲಾರಿಗಳಿಗೆ ಬರವಿಲ್ಲ, ಆದ್ದರಿಂದ ಪಾಟಾಗಳಿಗೂ ಬರವಿಲ್ಲ. ಈಗ ತೆಲಂಗಾಣದ ನಾರಾಯಣಪೇಟೆ ಜಿಲ್ಲೆಗೆ ಸೇರಿದ ಮಕ್ತಲ್ ಸೀಮೆ 1956ರವರೆಗೆ ರಾಯಚೂರಿನಂತೆಯೇ ಹೈದರಾಬಾದ್ ರಾಜ್ಯದಲ್ಲಿತ್ತು. ಕೃಷ್ಣಾ ಮಂಡಲದ ಹಳ್ಳಿಗಳಲ್ಲಿ ಇಂದಿಗೂ ಕನ್ನಡ ಶಾಲೆಗಳಿವೆ. ರಾಜ್ಯಗಳ ಗೆರೆ ಎಳೆದವರು ಊರುಗಳನ್ನು ಹಂಚಿದರು. ಕುಡಗೋಲು, ಕೊಡಲಿ, ಕುರ್ಚಿಗಿ ಬಡಿಯುವ ಕುಲುಮೆಗಳು ಮಾತ್ರ ಗೆರೆಯ ಎರಡೂ ಕಡೆ ಅದೇ ಪಾಟಾವನ್ನು ಅದೇ ಇದ್ದಿಲಲ್ಲಿ ಕಾಯಿಸುತ್ತ ಬಂದವು.

ಆ ಪಾಟಾ ಕುಲುಮೆಗೆ ಬರುವ ಮೊದಲು ಏನೆಲ್ಲ ಸಹಿಸಿದೆ ಎಂದು ಲೆಕ್ಕ ಹಾಕಿದರೆ ಬೆರಗಾಗುತ್ತದೆ. ಭಾರ ಹೊತ್ತ ಲಾರಿ ಸೆಕೆಂಡಿಗೆ ಎರಡು ಸಲ ಕುಲುಕುತ್ತದೆ ಎಂದುಕೊಳ್ಳೋಣ. ದಿನಕ್ಕೆ ಹತ್ತು ಗಂಟೆ ಓಡಿದರೆ 72 ಸಾವಿರ ಬಾಗು. ವರ್ಷಕ್ಕೆ ಮುನ್ನೂರು ದಿನ ಓಡಿದರೆ ಎರಡು ಕೋಟಿ ದಾಟುತ್ತದೆ. ಐದು ವರ್ಷಕ್ಕೆ ಹತ್ತು ಕೋಟಿ ಸಲ ಬಾಗಿ, ಹತ್ತು ಕೋಟಿ ಸಲವೂ ನೆಟ್ಟಗಾದ ಲೋಹ ಅದು. ಅಷ್ಟು ದುಡಿತದಲ್ಲಿ ಒಳಗೆಲ್ಲೋ ಕೂದಲೆಳೆಯ ಬಿರುಕು ಬಿಟ್ಟಿರಬಹುದು. ಅದಕ್ಕೇ ಬಲ್ಲ ಕಮ್ಮಾರ ಪಾಟಾವನ್ನು ತೂಗಹಾಕಿ ಸುತ್ತಿಗೆಯಿಂದ ತಟ್ಟಿ ಕೇಳುತ್ತಾನೆ. ಸದ್ದು ಗಂಟೆಯಂತೆ ಎಳೆದರೆ ಒಳ್ಳೆಯದು, ಒಡಕಲಾಗಿ ಸತ್ತರೆ ಅದು ಚಾಕುವಿಗೆ ಬೇಡ. ಆ ಬಿರುಕು ಕಾಣಿಸಿಕೊಳ್ಳುವುದು ಹದ ಹಾಕುವಾಗ, ಎಲ್ಲ ಬೆವರೂ ಸುರಿದಾದ ಮೇಲೆ.

ಇನ್ನು ಗುಜರಿ ರಾಶಿಯಲ್ಲಿ ಬೇಕಾದಷ್ಟು ಕಬ್ಬಿಣವಿರುವಾಗ ಪಾಟಾವೇ ಏಕೆ? ಇಂಗಾಲಕ್ಕಾಗಿ. ಕಮಾನಿನ ಉಕ್ಕಿನಲ್ಲಿ ನೂರಕ್ಕೆ 0.5ರಿಂದ 0.6 ಭಾಗ ಇಂಗಾಲವಿದೆ. 150 ಗ್ರಾಂ ಚಾಕುವಿನಲ್ಲಿ ಅದರ ಪಾಲು ಹೆಚ್ಚೆಂದರೆ ಒಂಬೈನೂರು ಮಿಲಿಗ್ರಾಂ, ಶಾಲೆಯ ಮಗುವಿನ ಪೆನ್ಸಿಲಿನೊಳಗಿನ ಕಪ್ಪು ಕಡ್ಡಿಯ ತೂಕದಷ್ಟು. ಮೂವತ್ತೈದು ಕಬ್ಬಿಣದ ಪರಮಾಣುಗಳ ನಡುವೆ ಒಂದೇ ಒಂದು ಇಂಗಾಲದ ಪರಮಾಣು. ಮನೆ ಕಟ್ಟುವ ಸರಳಿನಲ್ಲಿ ಇಂಗಾಲ ಅದರ ಅರ್ಧವೂ ಇರುವುದಿಲ್ಲ. ಅದನ್ನು ಎಷ್ಟು ಕಾಯಿಸಿ ಎಷ್ಟು ತಣಿಸಿದರೂ ಒಳ್ಳೆಯ ಮೊನೆ ನಿಲ್ಲದು. ಹಳೆಯ ಹೊಲಿಗೆ ಯಂತ್ರದ ಬೀಡುಕಬ್ಬಿಣದಲ್ಲಿ ಇಂಗಾಲ ನೂರಕ್ಕೆ ಮೂರು ದಾಟಿರುತ್ತದೆ; ಕಾಯಿಸಿ ಬಡಿದರೆ ಪುಡಿಯಾಗುತ್ತದೆ. ಅಪ್ಪಟ ಕಬ್ಬಿಣ ಕರಗಲು 1,538 ಡಿಗ್ರಿ ಬೇಕು, ಇಂಗಾಲ ನೂರಕ್ಕೆ ನಾಲ್ಕರಷ್ಟಾದರೆ 1,150 ಡಿಗ್ರಿಯ ಆಸುಪಾಸಿನಲ್ಲೇ ನೀರಾಗುತ್ತದೆ. ಸುಮಾರು ನಾನೂರು ಡಿಗ್ರಿಯ ವ್ಯತ್ಯಾಸ ಅಷ್ಟೇ ಇಂಗಾಲದಿಂದ.

ಜಗತ್ತಿನಲ್ಲಿ ಈ ಲೋಹಕ್ಕೆ ಕೊರತೆಯೇನಿಲ್ಲ. ವರ್ಷಕ್ಕೆ ಸುಮಾರು 188 ಕೋಟಿ ಟನ್ ಉಕ್ಕು ತಯಾರಾಗುತ್ತದೆ, ಎಂದರೆ ಸೆಕೆಂಡಿಗೆ 60 ಟನ್. ನಮ್ಮ ಲೆಕ್ಕದ ಪಟ್ಟಿಗಳಾಗಿ ಕತ್ತರಿಸಿದರೆ ಒಂದು ಸೆಕೆಂಡಿಗೆ ಮೂರು ಲಕ್ಷ ಚಾಕು. ಮಕ್ತಲ್‌ನಿಂದ ನೇರ ಗೆರೆ ಎಳೆದರೆ ಇನ್ನೂರು ಕಿಲೋಮೀಟರಿನೊಳಗೇ ಸಿಗುವ ತೋರಣಗಲ್ಲಿನ ಒಂದು ಕಾರ್ಖಾನೆಯ ಸಾಮರ್ಥ್ಯವೇ ವರ್ಷಕ್ಕೆ 1 ಕೋಟಿ 20 ಲಕ್ಷ ಟನ್ನಿಗೂ ಹೆಚ್ಚು. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಈ ನೆಲದ ಇನ್ನೊಂದು ಲೆಕ್ಕ.

ಕೃಷ್ಣಾ ಮಂಡಲದ ಮುಡುಮಾಲ ಎಂಬ ಊರಿನ ಬಳಿ, ಹೊಳೆಯ ದಂಡೆಗೆ ಹತ್ತಿರದಲ್ಲಿ, ಹತ್ತರಿಂದ ಹದಿನಾಲ್ಕು ಅಡಿ ಎತ್ತರದ ಸುಮಾರು 80 ನಿಲುಗಲ್ಲುಗಳಿವೆ. ಅವುಗಳ ಸುತ್ತ ಸಾಲುಹಿಡಿದ ಸಣ್ಣ ಕಲ್ಲುಗಳು ಸಾವಿರಗಟ್ಟಲೆ. ಹೈದರಾಬಾದ್ ವಿಶ್ವವಿದ್ಯಾಲಯದ ಕೆ.ಪಿ. ರಾವ್ ವರ್ಷಗಟ್ಟಲೆ ಅಧ್ಯಯನ ಮಾಡಿದ ಜಾಗ ಇದು. ಒಂದು ಕಲ್ಲಿನ ಮೇಲಿನ ಕುಳಿಗಳಲ್ಲಿ ಸಪ್ತರ್ಷಿ ಮಂಡಲದ ಆಕಾರವನ್ನು ಗುರುತಿಸಲಾಗಿದೆ. 2025ರಲ್ಲಿ ಇದು ಯುನೆಸ್ಕೋದ ಸಂಭಾವ್ಯ ಪಟ್ಟಿಗೆ ಸೇರಿತು. ದಖ್ಖನಿನಲ್ಲಿ ಹೀಗೆ ದೊಡ್ಡ ಕಲ್ಲುಗಳನ್ನು ನಿಲ್ಲಿಸಿದ ಜನರ ಕಾಲವೇ ಇಲ್ಲಿ ಕಬ್ಬಿಣ ಬೇರೂರಿದ ಕಾಲ. ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1947ರಲ್ಲಿ ಅಗೆಸಿದ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯ ಶಿಲಾಗೋರಿಗಳಲ್ಲಿ ಸತ್ತವರ ಜೊತೆ ಕಬ್ಬಿಣದ ಅಲಗುಗಳನ್ನೂ ಇಟ್ಟಿದ್ದರು. ಎರಡು ಸಾವಿರ ವರ್ಷಕ್ಕೂ ಮಿಗಿಲಾದ ಕಾಲದಿಂದ ಈ ಸೀಮೆಯ ಯಾವುದೋ ಕುಲುಮೆಯಲ್ಲಿ ಕಬ್ಬಿಣ ಕೆಂಪಗಾಗುತ್ತಲೇ ಇದೆ. ತಲೆಮಾರಿಗೆ ಇಪ್ಪತ್ತೈದು ವರ್ಷ ಹಿಡಿದರೆ ಎಂಬತ್ತು ತಲೆಮಾರು. ಮುಡುಮಾಲದ ದೊಡ್ಡ ಕಲ್ಲುಗಳ ಎಣಿಕೆಗೆ ಸರಿಯಾಗಿ.

ಇದೇ ತೆಲಂಗಾಣದ ಉತ್ತರ ಭಾಗದಲ್ಲಿ, ನಿಜಾಮಾಬಾದ್ ಸೀಮೆಯ ಕೋನಸಮುದ್ರಂನಲ್ಲಿ, ಮಣ್ಣಿನ ಮೂಸೆಯಲ್ಲಿ ಕಬ್ಬಿಣ ಕರಗಿಸಿ ಉಕ್ಕಿನ ಗಟ್ಟಿ ಮಾಡುತ್ತಿದ್ದರು. ಭೂವಿಜ್ಞಾನಿ ಹೆನ್ರಿ ವಾಯ್ಸಿ ಅದನ್ನು ಕಣ್ಣಾರೆ ಕಂಡು ಬರೆದಿಟ್ಟದ್ದು 1832ರಲ್ಲಿ ಅಚ್ಚಾಯಿತು. ಆ ಹಳ್ಳಿಗೆ ಪರ್ಷಿಯಾದ ಇಸ್ಫಹಾನ್‌ನಿಂದ ವ್ಯಾಪಾರಿ ಬಂದು ಕಾದು ಕೂತು ಗಟ್ಟಿಗಳನ್ನು ಕೊಳ್ಳುತ್ತಿದ್ದ. ಆ ಉಕ್ಕಿನಲ್ಲಿ ಇಂಗಾಲ ನೂರಕ್ಕೆ ಒಂದೂವರೆಯ ಆಸುಪಾಸು, ನಮ್ಮ ಪಾಟಾದ ಎರಡೂವರೆ ಪಟ್ಟು. ದಕ್ಷಿಣದ ಉಕ್ಕಿನ ಗುಟ್ಟನ್ನು ಬಿಡಿಸಲು ಲಂಡನ್ನಿನಲ್ಲಿ 1795ರಲ್ಲಿ ಜಾರ್ಜ್ ಪಿಯರ್ಸನ್ ಕೂತರು, 1820ರ ಸುಮಾರಿಗೆ ಮೈಕೆಲ್ ಫ್ಯಾರಡೆ ಕೂತರು. ಈ ಜಾತಿಯ ಉಕ್ಕಿನ 17ನೇ ಶತಮಾನದ ಒಂದು ಖಡ್ಗದಲ್ಲಿ ಇಂಗಾಲದ ನ್ಯಾನೋ ನಳಿಕೆಗಳನ್ನು ಕಂಡೆವೆಂದು ಜರ್ಮನಿಯ ಡ್ರೆಸ್ಡೆನ್‌ನ ತಂಡವೊಂದು 2006ರಲ್ಲಿ ಪ್ರಕಟಿಸಿತು.

ಈಗ ಬೆಂಕಿಗೆ ಬರೋಣ. ಒಂದು ಚಾಕುವಿನಷ್ಟು ಉಕ್ಕನ್ನು ಸಾವಿರ ಡಿಗ್ರಿಗೆ ಏರಿಸಲು ಬೇಕಾದ ಶಾಖ ಹೆಚ್ಚುಕಡಿಮೆ ಒಂದು ಲಕ್ಷ ಜೂಲ್. ಒಳ್ಳೆಯ ಇದ್ದಿಲಿನ ಮೂರೂವರೆ ಗ್ರಾಮಿನಲ್ಲಿ ಅಷ್ಟು ಶಾಖವಿದೆ! ಕುಲುಮೆಯಲ್ಲಿ ಇದ್ದಿಲು ಕಿಲೋಗಟ್ಟಲೆ ಉರಿಯುವುದು ಗಾಳಿಯನ್ನೂ ಆಕಾಶವನ್ನೂ ಕಾಯಿಸಲು. ಒಂದೂವರೆ ಕಿಲೋ ಸುತ್ತಿಗೆಯ ಒಂದು ಬಲವಾದ ಪೆಟ್ಟಿನಲ್ಲಿರುವುದು ಐವತ್ತು ಜೂಲ್. ತಿದಿ ಒಂದೇ ಕಾವಿನಲ್ಲಿ ಕೊಡುವ ಶಕ್ತಿಯನ್ನು ತೋಳು ಕೊಡಬೇಕಾದರೆ ಎರಡು ಸಾವಿರ ಪೆಟ್ಟು ಬೇಕು. ಹನ್ನೆರಡು ಮಿ.ಮೀ. ದಪ್ಪವನ್ನು ಎರಡೂವರೆಗೆ ಇಳಿಸುವಷ್ಟರಲ್ಲಿ ಆ ಕಾವು ಮತ್ತೆ ಮತ್ತೆ ಬೇಕು. ಅಡಿಗಲ್ಲಾಗಿ ರೈಲು ಹಳಿಯ ತುಂಡಿದ್ದರೆ ಭಾಗ್ಯ. 2013ರಲ್ಲಿ ಶುರುವಾದ ಗದ್ವಾಲ್–ರಾಯಚೂರು ಮಾರ್ಗದಂಥ ದಾರಿಗಳಲ್ಲಿ ಹಾಸುವ ಹಳಿ ಮೀಟರಿಗೆ ಐವತ್ತು ಕಿಲೋ ಮೀರಿ ತೂಗುತ್ತದೆ. ಹರಾಜಿನಲ್ಲಿ ಕೊಂಡ ಒಂದಡಿ ಹಳಿ ಹದಿನಾರು ಕಿಲೋ, ಬಡಿದರೆ ಸುಲಭಕ್ಕೆ ಅಲುಗಾಡದು.

ಹದ ಹಾಕುವುದು ಮಾತ್ರ ಉಸಿರು ಬಿಗಿಹಿಡಿಯುವ ಕೆಲಸ. ಅಲಗು 830 ಡಿಗ್ರಿಯ ಸುತ್ತಮುತ್ತ ಇರಬೇಕು. ಐವತ್ತು ಕಡಿಮೆಯಾದರೆ ಪೂರ್ತಿ ಗಡಸಾಗದು, ನೂರು ಹೆಚ್ಚಾದರೆ ಕಣ ದಪ್ಪವಾಗಿ ಮುರಿಯುತ್ತದೆ. ಕುಲುಮೆಯಲ್ಲಿ ಉಷ್ಣಮಾಪಕವಿಲ್ಲ. ಕಣ್ಣಿದೆ, ಕೆಂಪಿನ ಬಣ್ಣವಿದೆ. ಅದಕ್ಕೇ ಈ ಕೆಲಸ ಇಳಿಹೊತ್ತಿಗೆ, ನೆರಳಿನಲ್ಲಿ. ಹಳೆಯ ಸ್ಪೀಕರಿನ ಅಯಸ್ಕಾಂತವೊಂದಿದ್ದರೆ ಅದೂ ಸಾಕ್ಷಿ ಹೇಳುತ್ತದೆ: 770 ಡಿಗ್ರಿ ದಾಟಿದ ಕಬ್ಬಿಣ ಅದಕ್ಕೆ ಅಂಟುವುದಿಲ್ಲ. ಅಲ್ಲಿಂದ ಇನ್ನೊಂದಿಷ್ಟು ಏರಿಸಿ ಎಣ್ಣೆಗೆ ಅದ್ದಬೇಕು. ನೀರಿಗೆ ಅದ್ದಿದರೆ ಈ ಉಕ್ಕು ಬಿರಿಯುವ ಭಯ. ಕೆಲವೇ ಸೆಕೆಂಡುಗಳಲ್ಲಿ ಐನೂರರ ಕೆಳಗೆ ಇಳಿದರೆ ಇಂಗಾಲಕ್ಕೆ ಹೊರಗೆ ಓಡಲು ಸಮಯ ಸಿಗುವುದಿಲ್ಲ. 250 ಡಿಗ್ರಿಯ ಹತ್ತಿರ ಬಂದಾಗ ಪರಮಾಣುಗಳ ಸಾಲು ಒಮ್ಮೆಗೇ ವಾಲಿ ಮಾರ್ಟೆನ್ಸೈಟ್ ಎಂಬ ಗಡಸು ಕಣವಾಗುತ್ತದೆ. ಅಂಥ ಒಂದೊಂದು ಕಣ ಹುಟ್ಟುವುದಕ್ಕೆ ಪ್ರಯೋಗಶಾಲೆಯಲ್ಲಿ ಅಳೆದ ಕಾಲ ಸೆಕೆಂಡಿನ ಕೋಟಿಯಲ್ಲೊಂದು ಪಾಲು. ಅಷ್ಟರಲ್ಲೇ ಅದು ನೂರಕ್ಕೆ ನಾಲ್ಕು ಭಾಗ ಹಿಗ್ಗಿಯೂ ಬಿಡುತ್ತದೆ. ಹತ್ತು ಕೋಟಿ ಬಾಗಿನ ಹಳೆಯ ಬಿರುಕು ಬಾಯಿಬಿಡುವುದು ಈಗಲೇ, ಟಿಕ್ ಎಂಬ ಸಣ್ಣ ಸದ್ದಿನೊಂದಿಗೆ.

ಗಡಸಾದ ಅಲಗು ಕೆಳಗೆ ಬಿದ್ದರೆ ಒಡೆದೀತು. ಅದನ್ನು ಉಜ್ಜಿ ಬೆಳ್ಳಗೆ ಮಾಡಿ ಮತ್ತೆ ಮೆಲ್ಲಗೆ ಕಾಯಿಸಬೇಕು. 220 ಡಿಗ್ರಿಯಲ್ಲಿ ಒಣಹುಲ್ಲಿನ ಹಳದಿ, 290 ದಾಟಿದರೆ ನೀಲಿ. ಚಾಕುವಿಗೆ ಹಳದಿ ಬೇಕು, ಕಮಾನಿಗೆ ನೀಲಿ. ಆ ಬಣ್ಣ ಹುಟ್ಟುವುದು ಮೇಲ್ಮೈಯಲ್ಲಿ ಕಟ್ಟುವ ಆಕ್ಸೈಡಿನ ಪೊರೆಯಿಂದ. ಹಳದಿಯಲ್ಲಿ ಅದರ ದಪ್ಪ ಮಿಲಿಮೀಟರಿನ ಹತ್ತು ಲಕ್ಷ ಪಾಲಿನಲ್ಲಿ ಐವತ್ತರ ಆಸುಪಾಸು, ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿಗಿಂತ ತೆಳು. ಅಕ್ಷರ ಕಲಿಯದ ಕಮ್ಮಾರನೂ ಈ ಪೊರೆಯ ದಪ್ಪವನ್ನು ದಿನವೂ ಬರಿಗಣ್ಣಿನಿಂದ ಅಳೆದಿದ್ದಾನೆ, ತಪ್ಪಿಲ್ಲದೆ. ಇದನ್ನು ಓದು ಎನ್ನದೆ ಬೇರೇನೆನ್ನಬೇಕೋ ನನಗೆ ತಿಳಿಯದು.

ಹಿಡಿಗೆ ಮರ ಸುಲಭ. ಎರಕದ ಹಿಡಿಯೇ ಬೇಕೆಂದರೆ ಹಳೆಯ ಎಂಜಿನ್ನಿನ ಅಲ್ಯೂಮಿನಿಯಂ ಪಿಸ್ಟನ್ ಕರಗಿಸಿ ಬಾಲದ ಸುತ್ತ ಹೊಯ್ಯಬಹುದು. ತೊಡಕಿರುವುದು ಹೊಯ್ಯುವ ಲೋಹ 700 ಡಿಗ್ರಿಯಲ್ಲಿರುವುದರಲ್ಲಿ. ಅಲಗಿನ ಹದ 220 ದಾಟಿದರೆ ಇಳಿಯುತ್ತ ಹೋಗುತ್ತದೆ. ಹಿಡಿ ಮೊದಲು, ಹದ ಆಮೇಲೆ ಎನ್ನುವಂತೆಯೂ ಇಲ್ಲ. 830ರಲ್ಲಿ ಹಿಡಿಯೇ ಹರಿದುಹೋಗುತ್ತದೆ. ಅರವತ್ತು ಗ್ರಾಂ ಎರಕ ಆರುವಾಗ ಬಿಡುವ ಶಾಖವೆಲ್ಲ ಅಲಗಿಗೇ ಏರಿದರೆ ಅದು ಮತ್ತೆ ಕೆಂಪಗಾದೀತು. ಅದೇ ಶಾಖವನ್ನು ಆವಿಯಾಗಿ ಹೊತ್ತೊಯ್ಯಲು ಬೇಕಾದ ನೀರು ಎಷ್ಟು ಗೊತ್ತೇ? ಸುಮಾರು 25 ಗ್ರಾಂ, ಎರಡು ದೊಡ್ಡ ಚಮಚ. ಅಲಗಿಗೆ ಒದ್ದೆ ಬಟ್ಟೆ ಸುತ್ತಿದರೆ ಹದ ಉಳಿಯುತ್ತದೆ. ಆದರೆ ಆ ನೀರಿನ ಒಂದು ಹನಿಯೂ ಅಚ್ಚಿನೊಳಗೆ ಇಳಿಯಬಾರದು. ಆವಿಯಾದ ನೀರು 1,600 ಪಟ್ಟು ಹಿಗ್ಗಿ ಕಾದ ಲೋಹವನ್ನು ಮುಖಕ್ಕೇ ಎರಚುತ್ತದೆ. ಇದನ್ನು ಆಟವೆಂದು ಯಾರೂ ಮಾಡಬಾರದು.

ಕೊನೆಗೆ ಸಾಣೆ. ಒಳ್ಳೆಯ ಮೊನೆಯ ಅಗಲ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಐದು ಸೆಂ.ಮೀ. ಉದ್ದಕ್ಕೆ ಒಂದು ಕಿಲೋ ಭಾರ ಹಾಕಿ ಈರುಳ್ಳಿಯ ಮೇಲೆ ಒತ್ತಿದರೆ ಆ ಗೆರೆಯ ಮೇಲಿನ ಒತ್ತಡ ವಾತಾವರಣದ ಎರಡು ಸಾವಿರ ಪಟ್ಟು. ಸಮುದ್ರದ ಅತಿ ಆಳದ ಮರಿಯಾನಾ ಕಮರಿಯ ತಳದಲ್ಲಿರುವುದು ಅದರ ಅರ್ಧದಷ್ಟು ಮಾತ್ರ. ವಾರಕ್ಕೊಮ್ಮೆ ಕಲ್ಲಿಗೆ ಉಜ್ಜಿದರೆ ಪ್ರತಿ ಸಲ ಮಿಲಿಮೀಟರಿನ ಐವತ್ತರಲ್ಲೊಂದು ಪಾಲು ಹೋಗುತ್ತದೆ ಎಂದುಕೊಳ್ಳಿ. ಮೂವತ್ತೈದು ಮಿ.ಮೀ. ಅಗಲದ ಅಲಗು ಇಪ್ಪತ್ತಕ್ಕೆ ಇಳಿಯಲು 750 ವಾರ, ಹದಿನಾಲ್ಕು ವರ್ಷಕ್ಕೂ ಹೆಚ್ಚು. ಅಷ್ಟು ಸವೆದ ಮೇಲೂ ಅದು ಬೆಳ್ಳುಳ್ಳಿ ಸುಲಿಯಲು, ಹುಣಸೆಹಣ್ಣಿನ ಬೀಜ ಬಿಡಿಸಲು ಒಲೆಯ ಪಕ್ಕ ಇನ್ನೂ ಹತ್ತು ವರ್ಷ ಬಾಳುತ್ತದೆ.