ಬೀದಿಯಲ್ಲಿರುವವನಿಗೆ ಊಟವಷ್ಟೇ ಸಾಕೇ?

ಜುಮಾ ಮುಗಿಸಿ ಹೊರಬರುವಾಗ ಗೇಟಿನ ಬಳಿ ಕೂತವನ ಕೈಗೆ ಹತ್ತು ರೂಪಾಯಿ ಇಡುತ್ತೇವೆ. ರಮಝಾನಿನಲ್ಲಿ ಗಂಜಿ, ಬಕ್ರೀದಿಗೆ ಮಾಂಸದ ಪಾಲು ಕೊಡುತ್ತೇವೆ. ಆತ ತನ್ನಷ್ಟಕ್ಕೆ ಮಾತಾಡಿಕೊಂಡರೆ ‘ತಲೆ ಸರಿಯಿಲ್ಲ’ ಎಂದು ಮಕ್ಕಳನ್ನು ಪಕ್ಕಕ್ಕೆ ಎಳೆದುಕೊಳ್ಳುತ್ತೇವೆ. ಅವನ ಹೆಸರೇನೆಂದು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ನಾವೂ ವರ್ಷಗಟ್ಟಲೆ ಕೇಳಿರಲಿಲ್ಲ.

ಮದೀನಾದ ಮಸೀದಿಯಲ್ಲಿ ಸುಫ್ಫಾ ಎಂಬ ನೆರಳಿನ ಜಗಲಿಯಿತ್ತು. ಮನೆಯಿಲ್ಲದ ಬಡ ಸಹಾಬಿಗಳು ಅಲ್ಲೇ ತಂಗುತ್ತಿದ್ದರು. ಪ್ರವಾದಿ(ಸ)ರು ಅವರಿಗೆ ಊಟ ಕೊಟ್ಟು ಸುಮ್ಮನಾಗಲಿಲ್ಲ. ಜೊತೆಗೆ ಕುಳಿತರು, ಕಲಿಸಿದರು. ಅಬೂ ಹುರೈರಾ(ರ) ಆ ಜಗಲಿಯವರೇ.

2011ರ ಜನಗಣತಿಯಂತೆ ನಮ್ಮ ದೇಶದಲ್ಲಿ ಸೂರಿಲ್ಲದವರು ಸುಮಾರು 17.7 ಲಕ್ಷ. ಅವರೆಲ್ಲ ಮನೋರೋಗಿಗಳಲ್ಲ. ಆದರೆ ನಿದ್ದೆಯಿಲ್ಲದ ರಾತ್ರಿ, ಏಟು, ಅವಮಾನ ಇವು ಗಟ್ಟಿ ಮನಸ್ಸನ್ನೂ ಕೆಡಿಸುತ್ತವೆ. ಇನ್ನು ಕೆಲವರಿಗೆ ಕಾಯಿಲೆಯೇ ಮೊದಲು ಬಂದು, ಆಮೇಲೆ ಮನೆ ತಪ್ಪಿರುತ್ತದೆ.

ಇಂಥವರಿಗೆ ಮನೋಚಿಕಿತ್ಸೆ ಎಂದರೆ ಉಪದೇಶವಲ್ಲ. ಮೊದಲ ಕೆಲಸ ನಂಬಿಕೆ ಗಳಿಸುವುದು. ಒಬ್ಬರೇ ವ್ಯಕ್ತಿ ಮತ್ತೆ ಮತ್ತೆ ಹೋಗಿ, ಹೆಸರು ಹಿಡಿದು ಮಾತಾಡಿಸಿ, ಚಹಾ ಕೊಟ್ಟು ಬರುತ್ತಾರೆ. ಹಳೆಯ ಗಾಯವನ್ನು ಕೆದಕುವುದಿಲ್ಲ. ‘ಹತ್ತಿರ ಬಂದವರೆಲ್ಲ ಹೊಡೆಯುತ್ತಾರೆ’ ಎಂದು ಅವನು ಹೇಳಿದರೆ ವಾದಿಸುವುದಿಲ್ಲ, ಏಕೆಂದರೆ ಅವನ ಅನುಭವ ಅದೇ. ಹೊಡೆಯದವರೂ ಇದ್ದಾರೆಂದು ಅವನೇ ಕಂಡುಕೊಳ್ಳಲು ಸಣ್ಣ ಸಣ್ಣ ಹೆಜ್ಜೆ ಇಡಿಸುತ್ತಾರೆ. ಯಾರೂ ಇಲ್ಲದಿದ್ದರೂ ದನಿ ಕೇಳಿಸುವವರಿಗೆ ವೈದ್ಯರ ಔಷಧಿಯೂ ಬೇಕು. ಮಲಗಲು ಭದ್ರ ಜಾಗವಿಲ್ಲದಿದ್ದರೆ ಮಾತೂ ಮಾತ್ರೆಯೂ ನಾಟುವುದಿಲ್ಲ.

ಚೆನ್ನೈನಲ್ಲಿ 1993ರಲ್ಲಿ ವಂದನಾ ಗೋಪಿಕುಮಾರ್ ಮತ್ತು ವೈಷ್ಣವಿ ಜಯಕುಮಾರ್ ಎಂಬ ಇಬ್ಬರು ಯುವತಿಯರು, ಬೀದಿಗೆ ಬಿದ್ದ ಮನೋರೋಗಿ ಮಹಿಳೆಯರಿಗಾಗಿ ‘ದಿ ಬ್ಯಾನಿಯನ್’ ಆರಂಭಿಸಿದರು. ಚಿಕಿತ್ಸೆಯ ನಂತರ ಮನೆಗೆ ಮರಳಲಾಗದವರು ಅವರ ‘ಹೋಮ್ ಅಗೇನ್’ ಯೋಜನೆಯಲ್ಲಿ ನಾಲ್ಕೈದು ಜನ ಸೇರಿ ಸಾಮಾನ್ಯ ಬಾಡಿಗೆ ಮನೆಯಲ್ಲಿ ಬದುಕುತ್ತಾರೆ. ಅಡುಗೆ, ಸಂತೆ, ನೆರೆಹೊರೆ ಎಲ್ಲವೂ ಚಿಕಿತ್ಸೆಯ ಭಾಗವೇ.

ಇದಕ್ಕೆ ತದ್ವಿರುದ್ಧವಾದದ್ದನ್ನೂ ಮರೆಯಬಾರದು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾ ನಂಬಿ ಬಂದವರನ್ನಿಟ್ಟಿದ್ದ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದ ಕಾರಣ ಓಡಲಾಗದೆ 28 ಮಂದಿ ಸತ್ತರು. ಅವರನ್ನು ಅಲ್ಲಿಗೆ ತಂದು ಬಿಟ್ಟವರಲ್ಲಿ ಮನೆಯವರೇ ಇದ್ದರು. ಗುಜರಾತಿನ ಮೀರಾ ದಾತಾರ್ ದರ್ಗಾದಲ್ಲಿ ಬೇರೆ ದಾರಿ ಹಿಡಿದರು. ಅಲ್ಲಿ ಮುಜಾವರರೂ ಮನೋವೈದ್ಯರೂ ಕೈಜೋಡಿಸಿದ್ದಾರೆ. ಆ ಕಾರ್ಯಕ್ರಮದ ಹೆಸರೇ ‘ದವಾ-ದುಆ’. ಔಷಧಿ ಮಾಡುವುದು ತವಕ್ಕುಲ್‌ಗೆ ವಿರುದ್ಧವಲ್ಲ, ಸುನ್ನತ್.

2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಗೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಲೆಯುವ ಮನೋರೋಗಿಯನ್ನು ರಕ್ಷಿಸಿ, 24 ಗಂಟೆಯೊಳಗೆ ಸರಕಾರಿ ಆರೋಗ್ಯ ಕೇಂದ್ರಕ್ಕೆ ತಲುಪಿಸುವುದು ಪೊಲೀಸರ ಕರ್ತವ್ಯ, ಲಾಕಪ್ಪಿನಲ್ಲಿ ಇಡುವಂತಿಲ್ಲ. ಟೆಲಿ ಮಾನಸ್ ಉಚಿತ ಸಂಖ್ಯೆ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಸಲಹೆ ಕೇಳಬಹುದು. ಜಮಾಅತಿನ ಇಬ್ಬರು ಜೊತೆಗೆ ಹೋದರೆ ಠಾಣೆಯಲ್ಲೂ ಆಸ್ಪತ್ರೆಯಲ್ಲೂ ಕೆಲಸ ಹಗುರವಾಗುತ್ತದೆ.

ಮುಂದಿನ ಜುಮಾದಂದು ನೋಟು ಕೊಡುವ ಮೊದಲು ಸಲಾಂ ಹೇಳಿ ಹೆಸರು ಕೇಳೋಣ. ಉತ್ತರ ಬರದಿದ್ದರೆ ಅದರ ಮುಂದಿನ ಜುಮಾದಲ್ಲಿ ಮತ್ತೆ ಕೇಳೋಣ. ಅಲ್ಲಾಹನು ನಮಗೆ ಆ ತಾಳ್ಮೆ ಕೊಡಲಿ. ಆಮೀನ್.