ಹೆಲ್ಮೆಟ್ಟಿನ ಗ್ಲಾಸು: ಅದರ ಶುಚಿಯೂ ರಕ್ಷಣೆಯೂ

ಮನೆಯ ಸಾಮಾನುಗಳಲ್ಲಿ ಉಜ್ಜಿದಷ್ಟೂ ಬೆಳಗುವವು ಕೆಲವು. ಉಜ್ಜಿದಷ್ಟೂ ಕೆಡುವವು ಕೆಲವು. ಹಿತ್ತಾಳೆಯ ದೀಪ, ತಾಮ್ರದ ಚೆಂಬು, ಕಂಚಿನ ತಟ್ಟೆ ಇವು ಮೊದಲನೆಯ ವರ್ಗಕ್ಕೆ ಸೇರಿದವು. ಮೋಟಾರು ಬೈಕು ನಡೆಸುವವರು ತಲೆಗೆ ಧರಿಸುವ ಹೆಲ್ಮೆಟ್ಟಿನಲ್ಲಿ ಕಣ್ಣಿನ ಮುಂದೆ ಇರುವ ಪಾರದರ್ಶಕವಾದ ಹಲಗೆ, ಅಂದರೆ ವೈಸರು, ಎರಡನೆಯ ವರ್ಗಕ್ಕೆ ಸೇರಿದುದು. ಈ ಭೇದವನ್ನು ಅರಿಯದೆ ನಮ್ಮ ಬಂಧುಗಳ ಮನೆಯಲ್ಲಿ ನಡೆದ ಒಂದು ಸಂಗತಿಯೇ ಈ ಲೇಖನಕ್ಕೆ ಕಾರಣವಾಯಿತು.

ನನ್ನ ಅಕ್ಕನ ಮನೆ ಇರುವುದು ಪಾಂಡವಪುರದ ಸೀಮೆಯಲ್ಲಿ. ಅವಳ ಮಗನು ಒಂದು ಭಾನುವಾರ ಸ್ನೇಹಿತನೊಡನೆ ತೊಣ್ಣೂರಿಗೆ ಹೊರಟನು. ಹೊಯ್ಸಳರ ಕಾಲದ ದೇವಾಲಯಗಳಿಂದಲೂ, ಶ್ರೀರಾಮಾನುಜಾಚಾರ್ಯರ ಸ್ಮರಣೆಯಿಂದಲೂ, ಬೆಟ್ಟಗಳ ನಡುವಣ ವಿಶಾಲವಾದ ಕೆರೆಯಿಂದಲೂ ಆ ಊರು ಪ್ರಸಿದ್ಧವಾದುದೆಂಬುದನ್ನು ವಾಚಕರು ಬಲ್ಲರು. ಆ ಕೆರೆಯ ನೀರಿನ ನಿರ್ಮಲತೆಯನ್ನು ಕಂಡೇ ಅದಕ್ಕೆ ‘ಮೋತಿ ತಲಾಬ್’, ಎಂದರೆ ಮುತ್ತಿನ ಕೆರೆ, ಎಂಬ ಹೆಸರು ಬಂದಿತೆಂದು ಹೇಳುವುದುಂಟು.

ಹಿಂದಿನ ದಿನವೇ ಅಕ್ಕನು ಮಗನ ಹೆಲ್ಮೆಟ್ಟನ್ನು ನೋಡಿ, ಅದರ ಗ್ಲಾಸಿನ ಮೇಲೆ ಹುಳಗಳೂ ಧೂಳೂ ಅಂಟಿದ್ದುದನ್ನು ಕಂಡು, ದೇವರ ದೀಪವನ್ನು ಬೆಳಗುವಂತೆಯೇ ಬೂದಿಯನ್ನೂ ತೆಂಗಿನ ನಾರನ್ನೂ ಹಿಡಿದು ಚೆನ್ನಾಗಿ ತಿಕ್ಕಿಟ್ಟಿದ್ದಳು. ಹಗಲಿನಲ್ಲಿ ಹುಡುಗನಿಗೆ ಏನೂ ತಿಳಿಯಲಿಲ್ಲ. ಸಾಯಂಕಾಲ ಹಿಂದಿರುಗುವಾಗ ಕಬ್ಬು ತುಂಬಿದ ಟ್ರ್ಯಾಕ್ಟರೊಂದು ದೀಪ ಹಾಕಿಕೊಂಡು ಎದುರಿಗೆ ಬಂದಿತು. ಆ ಬೆಳಕು ಅವನ ಕಣ್ಣ ಮುಂದೆ ಹಾಲು ಚೆಲ್ಲಿದಂತೆ ಹರಡಿತು. ರಸ್ತೆಯೂ ಕಾಣದು, ಅಂಚೂ ಕಾಣದು. ಅಂದಾಜಿನಿಂದ ಪಕ್ಕಕ್ಕೆ ಸರಿದು ನಿಲ್ಲಿಸಿ ಕಾಲೂರಿದಾಗ ಪಾದಕ್ಕೆ ಸಿಕ್ಕಿದುದು ಕಾಲುವೆಯ ಏರಿಯ ಇಳಿಜಾರು! ಮರುದಿನ ನನ್ನೊಡನೆ ಇದನ್ನು ಹೇಳಿ, “ಅಮ್ಮನಿಗೆ ಹೇಳಬೇಡಿ ಮಾವ, ನೊಂದುಕೊಳ್ಳುತ್ತಾಳೆ” ಎಂದನು. ಕೆಲವು ದಿನಗಳಾದ ಮೇಲೆ ತಾನೇ ಅವಳಿಗೆ ತಿಳಿಸಿದನು. ಅವಳ ಒಪ್ಪಿಗೆಯನ್ನು ಪಡೆದೇ ಇದನ್ನು ಬರೆದಿರುತ್ತೇನೆ.

ತಪ್ಪು ಅಕ್ಕನದೆನ್ನುವುದಕ್ಕಿಂತ ಹೆಸರಿನದೆನ್ನುವುದು ಮೇಲು. ಎಲ್ಲರೂ ಅದನ್ನು ‘ಗ್ಲಾಸು’ ಎನ್ನುವರು. ಆದರೆ ಅದು ಗಾಜಲ್ಲ. ಒಳ್ಳೆಯ ಹೆಲ್ಮೆಟ್ಟುಗಳಲ್ಲಿ ಬಹುಮಟ್ಟಿಗೆ ಅದು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕು. 1953ರಲ್ಲಿ ಜರ್ಮನಿಯ ಹರ್ಮನ್ ಷ್ನೆಲ್ ಮತ್ತು ಅಮೆರಿಕದ ಡೇನಿಯಲ್ ಫಾಕ್ಸ್ ಎಂಬ ರಸಾಯನಶಾಸ್ತ್ರಜ್ಞರು ಬೇರೆ ಬೇರೆಯಾಗಿಯೇ ಇದನ್ನು ಕಂಡುಹಿಡಿದರು. ಪೆಟ್ಟು ಬಿದ್ದರೆ ಗಾಜಿನಂತೆ ಚೂರಾಗದಿರುವುದು ಇದರ ದೊಡ್ಡ ಗುಣ. ಗಾಜಿಗಿಂತ ಮೃದುವಾಗಿರುವುದರಿಂದ ಸುಲಭವಾಗಿ ಗೀರುಬೀಳುವುದು ಇದರ ದೋಷ. ಆದುದರಿಂದಲೇ ತಯಾರಕರು ಅನೇಕ ವೈಸರುಗಳ ಮೇಲೆ ತೆಳುವಾದ ಗಟ್ಟಿ ಲೇಪವನ್ನು ಕೊಟ್ಟಿರುತ್ತಾರೆ. ಆ ಲೇಪವು ಸವೆದರೆ ಮನೆಯಲ್ಲಿ ಮತ್ತೆ ಕೊಡುವುದು ಸಾಧ್ಯವಿಲ್ಲ.

ನಮ್ಮ ರಸ್ತೆಗಳ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳು ಬಹಳ. ಬೆಣಚು ಗಾಜನ್ನೇ ಗೀರಬಲ್ಲುದು. ಈ ಮೃದುವಾದ ಪ್ಲಾಸ್ಟಿಕ್ಕಿನ ಪಾಡೇನು? ಒಣಗಿದ ಧೂಳಿನ ಮೇಲೆ ಬಟ್ಟೆಯನ್ನು ಎಳೆದೆವೆಂದರೆ ಆ ಬಟ್ಟೆಯು ಮರಳು ಕಾಗದದಂತೆ ಕೆಲಸಮಾಡುವುದು. ಹೀಗೆ ಬಿದ್ದ ಸಣ್ಣ ಗೀರುಗಳು ಹಗಲಿನಲ್ಲಿ ಕಾಣಿಸವು. ರಾತ್ರಿ ಎದುರುದೀಪದ ಬೆಳಕು ಅವುಗಳ ಮೇಲೆ ಬಿದ್ದಾಗ ಎಲ್ಲ ದಿಕ್ಕಿಗೂ ಚೆದರಿ ಕಣ್ಣನ್ನು ಕುರುಡುಮಾಡುವುವು.

ಆದುದರಿಂದ ಮೊದಲು ಏನನ್ನು ಮಾಡಬಾರದೆಂಬುದನ್ನು ತಿಳಿಯುವುದು ಒಳ್ಳೆಯದು. ಬೂದಿ, ರಂಗೋಲಿಪುಡಿ, ಪಾತ್ರೆ ತಿಕ್ಕುವ ಪುಡಿ, ನಾರು, ಸ್ಟೀಲಿನ ಉಜ್ಜುಬಲೆ, ಹಲ್ಲುಜ್ಜುವ ಪೇಸ್ಟು ಇವು ಯಾವುವೂ ಕೂಡದು. ಪೇಸ್ಟಿನಿಂದ ಗೀರು ಹೋಗುವುದೆಂದು ಕೆಲವರು ಹೇಳುವರು; ಅದರಲ್ಲಿರುವ ನುಣ್ಣನೆಯ ಪುಡಿ ಗಟ್ಟಿ ಲೇಪವನ್ನೇ ಸವೆಸಿಬಿಡುವುದು. ಹಳೆಯ ವೃತ್ತಪತ್ರಿಕೆಯಿಂದ ಒರೆಸುವುದು ಕಿಟಕಿಯ ಗಾಜಿಗೆ ಸರಿ, ಇದಕ್ಕೆ ಸಲ್ಲದು. ಅಮೋನಿಯ ಬೆರೆತಿರುವ ಗಾಜು ಒರೆಸುವ ದ್ರವಗಳು, ಸೀಮೆಎಣ್ಣೆ, ಪೆಟ್ರೋಲು, ಬಣ್ಣದ ಥಿನ್ನರು, ಉಗುರುಬಣ್ಣ ತೆಗೆಯುವ ದ್ರವ ಇವುಗಳನ್ನು ಹತ್ತಿರ ಸೇರಿಸಲೇಕೂಡದು. ಇವುಗಳಿಂದ ಪ್ಲಾಸ್ಟಿಕ್ಕು ಮಸುಕಾಗಬಹುದು, ಕೂದಲೆಳೆಯಂಥ ಬಿರುಕುಗಳನ್ನೂ ಬಿಡಬಹುದು. ಅಷ್ಟೇ ಅಲ್ಲದೆ ಹೆಲ್ಮೆಟ್ಟಿನ ಒಳಗೆ ಪೆಟ್ಟನ್ನು ತಾಳುವುದಕ್ಕಾಗಿ ಇಟ್ಟಿರುವ ಥರ್ಮೋಕೋಲು ಪೆಟ್ರೋಲು ಸೋಕಿದರೆ ಕರಗಿಹೋಗುವುದು. ಆಗ ತಲೆಯ ಮೇಲಿರುವುದು ಬರಿಯ ಚಿಪ್ಪು.

ಇನ್ನು ಮಾಡತಕ್ಕ ಕ್ರಮ. ರೇಷ್ಮೆ ಸೀರೆಯನ್ನು ಒಗೆಯುವಾಗ ತೋರುವ ತಾಳ್ಮೆಯೇ ಇಲ್ಲಿಯೂ ಬೇಕು. ಬೇಕಾದ ಸಾಮಗ್ರಿ ಮೂರೇ: ಉಗುರುಬೆಚ್ಚನೆಯ ನೀರು, ಪಾತ್ರೆ ತೊಳೆಯುವ ದ್ರವಸಾಬೂನಿನ ಎರಡು ಮೂರು ಹನಿ, ಒಗೆದು ಒಗೆದು ಮೆತ್ತಗಾದ ಹಳೆಯ ಹತ್ತಿಯ ಪಂಚೆಯ ತುಂಡುಗಳು.

ಕಳಚಲು ಬರುವಂತಿದ್ದರೆ ವೈಸರನ್ನು ಹೆಲ್ಮೆಟ್ಟಿನಿಂದ ಬಿಡಿಸಿಕೊಳ್ಳಿರಿ. ಮೊದಲು ಕೈಯನ್ನೂ ಬಟ್ಟೆಯನ್ನೂ ಸೋಕಿಸದೆ ನೀರನ್ನು ಧಾರೆಯಾಗಿ ಸುರಿದು ಧೂಳನ್ನು ಕಳೆಯಿರಿ. ಗದ್ದೆಬಯಲಿನ ದಾರಿಯಲ್ಲಿ ಸಂಜೆ ಹೊತ್ತು ಬಂದವರ ವೈಸರಿನ ಮೇಲೆ ಹುಳಗಳು ಒಣಗಿ ಅಂಟಿರುವುದು ಸಹಜ. ಇವನ್ನು ಉಗುರಿನಿಂದ ಕೆರೆಯಬಾರದು. ಬಟ್ಟೆಯನ್ನು ನೀರಿನಲ್ಲಿ ಅದ್ದಿ, ವೈಸರಿನ ಮೇಲೆ ಹೊದಿಸಿ, ಕಾಲು ಗಂಟೆಯ ಹೊತ್ತು ಹಾಗೆಯೇ ಬಿಟ್ಟರೆ ಅವು ನೆನೆದು ತಾವಾಗಿಯೇ ಸಡಿಲುವುವು. ಆಮೇಲೆ ಸಾಬೂನಿನ ನೀರನ್ನು ಬೆರಳ ತುದಿಯಿಂದ ಹಗುರವಾಗಿ ಸವರಿ, ಮತ್ತೆ ಧಾರಾಳವಾಗಿ ನೀರು ಬಿಟ್ಟು ತೊಳೆಯಿರಿ. ಬೋರ್‌ವೆಲ್ಲಿನ ಗಡಸು ನೀರು ಒಣಗಿದಲ್ಲಿ ಬಿಳಿಯ ಕಲೆ ನಿಲ್ಲುವುದುಂಟು. ಕೊನೆಯ ಒಂದು ಚೆಂಬನ್ನು ಕುಡಿಯುವ ಫಿಲ್ಟರು ನೀರಿನಿಂದ ಸುರಿದರೆ ಈ ತೊಂದರೆಯಿಲ್ಲ. ಉಳಿದ ಹನಿಗಳನ್ನು ಒಣಬಟ್ಟೆಯಿಂದ ಒತ್ತಿ ತೆಗೆದು, ನೆರಳಿನಲ್ಲಿ ಆರಲು ಬಿಡತಕ್ಕದ್ದು.

ಮಳೆಗಾಲದಲ್ಲಿಯೂ ಚಳಿಯ ಮುಂಜಾವಿನಲ್ಲಿಯೂ ಉಸಿರಿನ ಆವಿ ವೈಸರಿನ ಒಳಮೈಮೇಲೆ ಸಣ್ಣ ಹನಿಗಳಾಗಿ ಕಟ್ಟಿ ಮಬ್ಬು ಕವಿಯುವುದು. ಇದಕ್ಕೆ ಒಂದು ಸುಲಭೋಪಾಯವುಂಟು. ಒಳಮೈಗೆ ಒಂದು ಹನಿ ದ್ರವಸಾಬೂನನ್ನು ತೆಳುವಾಗಿ ಸವರಿ, ಆರಿದ ಮೇಲೆ ಮೆತ್ತನೆಯ ಬಟ್ಟೆಯಿಂದ ತಿಳಿಯಾಗುವವರೆಗೆ ಒರೆಸಿರಿ. ಉಳಿಯುವ ಕಾಣದಷ್ಟು ತೆಳುವಾದ ಪೊರೆಯ ಮೇಲೆ ನೀರು ಹನಿಗಟ್ಟದೆ ಹಾಳೆಯಂತೆ ಹರಡುವುದರಿಂದ ನೋಟಕ್ಕೆ ಅಡ್ಡಿಯಾಗದು. ಕೆಲವು ದಿನಗಳಿಗೊಮ್ಮೆ ಇದನ್ನು ಮಾಡಬೇಕಾಗುವುದು. ಆದರೆ ಮಬ್ಬು ಕವಿಯದಂಥ ಲೇಪವನ್ನು ತಯಾರಕರೇ ಕೊಟ್ಟಿದ್ದರೆ ಆ ಒಳಮೈಯನ್ನು ಬರಿಯ ನೀರಿನಿಂದ ತೊಳೆದು ಸುಮ್ಮನಿರುವುದೇ ಕ್ಷೇಮ.

ರಕ್ಷಣೆಯ ವಿಷಯದಲ್ಲಿ ನಾಲ್ಕು ಮಾತು. ಹೆಲ್ಮೆಟ್ಟನ್ನು ಮುಖಮಾಡಿ ನೆಲದ ಮೇಲೆ ಇಡಬಾರದು. ಹಳೆಯ ಪಂಚೆಯಿಂದಲೇ ಒಂದು ಚೀಲವನ್ನು ಹೊಲಿದು ಅದರಲ್ಲಿ ಇಡುವುದು ಉತ್ತಮ. ಬಹುಕಾಲ ಬಿಸಿಲಿಗೆ ಬಿದ್ದ ವೈಸರು ಹಳದಿಗಟ್ಟುವುದರಿಂದ ಬಿಸಿಲಿನಲ್ಲಿ ಬಿಡಕೂಡದು. ದಾರಿಯಲ್ಲಿ ಕೊಳೆಯಾದರೆ ಅಂಗಿಯ ತೋಳಿನಿಂದ ಒರೆಸದೆ, ನಿಂತು ಬಾಟಲಿಯ ನೀರನ್ನು ಸುರಿದುಕೊಳ್ಳಬೇಕು. ತೊಣ್ಣೂರಿನಂಥ ಕೆರೆಯ ದಡದಲ್ಲಿ ತೊಳೆಯುವವರು ಸಾಬೂನನ್ನು ಕೆರೆಗೆ ಬಿಡದಿರಲಿ. ಮುತ್ತಿನಂಥ ನೀರು ಮುತ್ತಿನಂತೆಯೇ ಉಳಿಯಲಿ.

ಇಷ್ಟು ಮಾಡಿದರೂ ವೈಸರಿಗೆ ಆಯುಸ್ಸು ಉಂಟು. ರಾತ್ರಿ ಬೀದಿದೀಪವನ್ನು ಅದರ ಮೂಲಕ ನೋಡಿರಿ. ದೀಪದ ಸುತ್ತ ಬೆಳಕಿನ ಜಡೆ ಹರಡಿದಂತೆ ಕಂಡರೆ ಅದರ ಕಾಲ ಮುಗಿಯಿತೆಂದು ತಿಳಿದು ಹೊಸದನ್ನು ಹಾಕಿಸತಕ್ಕದ್ದು. ಸಾಮಾನ್ಯ ಹೆಲ್ಮೆಟ್ಟಿಗೆ ಇದು ಕೆಲವು ನೂರು ರೂಪಾಯಿಗಳ ವೆಚ್ಚ. ಬಣ್ಣದ ವೈಸರನ್ನು ಸೂರ್ಯಾಸ್ತದ ಮೇಲೆ ಹಾಕಿಕೊಳ್ಳುವುದು ಯಾರಿಗೂ ತರವಲ್ಲ.

ಮಂಜಾದ ವೈಸರಿನ ಬೇಸರದಿಂದ ಹೆಲ್ಮೆಟ್ಟನ್ನೇ ಬಿಡುವವರೂ ಉಂಟು. ಅದು ಇನ್ನೂ ದೊಡ್ಡ ಕೇಡು. 1935ರಲ್ಲಿ ಇಂಗ್ಲೆಂಡಿನ ಟಿ. ಇ. ಲಾರೆನ್ಸನು ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿ ಮೃತನಾದನು. ಅವನ ಚಿಕಿತ್ಸೆಯಲ್ಲಿ ಭಾಗಿಯಾಗಿದ್ದ ಹ್ಯೂ ಕೇರ್ನ್ಸ್ ಎಂಬ ಶಸ್ತ್ರವೈದ್ಯನು ಆಮೇಲೆ ಬೈಕು ಸವಾರರ ತಲೆಗಾಯಗಳನ್ನು ಪರಿಶೀಲಿಸಿ, ಹೆಲ್ಮೆಟ್ಟಿನ ಪ್ರಯೋಜನವನ್ನು 1941ರಲ್ಲಿ ಪ್ರಕಟಿಸಿದನು. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯಿದೆಯ 129ನೆಯ ಪ್ರಕರಣವು ಹೆಲ್ಮೆಟ್ಟನ್ನು ವಿಧಿಸಿರುವುದು. ಕರ್ನಾಟಕದಲ್ಲಿ 2016ರಿಂದ ಹಿಂದೆ ಕುಳಿತವರಿಗೂ ಕಡ್ಡಾಯಮಾಡಲಾಯಿತು. ಕೊಳ್ಳುವಾಗ ಐಎಸ್‌ಐ ಗುರುತನ್ನು ನೋಡುವುದನ್ನು ಮರೆಯಬಾರದು.

ಅಕ್ಕನು ಈಗಲೂ ಶನಿವಾರ ಶನಿವಾರ ಮಗನ ಹೆಲ್ಮೆಟ್ಟನ್ನು ಶುಚಿಮಾಡುತ್ತಾಳೆ. ಬೂದಿಯ ಡಬ್ಬಿ ದೀಪಗಳ ಪಾಲಿಗೆ ಉಳಿದಿದೆ. ಹೆಲ್ಮೆಟ್ಟಿಗೆ ಭಾವನವರ ಹಳೆಯ ಪಂಚೆಯ ತುಂಡೂ ಒಂದು ಚೆಂಬು ನೀರೂ ಸಾಕಾಗಿವೆ.