ಆಕ್ಸಿಜನ್ ಹೆಚ್ಚಿಸಿದರೂ ಸ್ಯಾಚುರೇಷನ್ ಏಕೆ ಏರುವುದಿಲ್ಲ?

ತೀವ್ರ ನ್ಯುಮೋನಿಯಾ ಆಗಿರುವ ರೋಗಿ. ಬೆರಳಿಗೆ ಸಿಕ್ಕಿಸಿದ ಪಲ್ಸ್ ಆಕ್ಸಿಮೀಟರ್ 82 ತೋರಿಸುತ್ತಿದೆ. ಮಾಸ್ಕ್‌ನಲ್ಲಿ ಆಕ್ಸಿಜನ್ ಹೆಚ್ಚಿಸಿದರೆ 84. ವೆಂಟಿಲೇಟರ್‌ಗೆ ಹಾಕಿ ಶೇ 100ರಷ್ಟು ಶುದ್ಧ ಆಕ್ಸಿಜನ್ ಕೊಟ್ಟರೂ 85ರ ಮೇಲೆ ಹೋಗುತ್ತಿಲ್ಲ. ಆಕ್ಸಿಜನ್ ಪೂರೈಕೆಯಲ್ಲಿ ಕೊರತೆಯೇನೂ ಇಲ್ಲ; ತೊಂದರೆ ಇರುವುದು ರಕ್ತ ಹರಿಯುವ ದಾರಿಯಲ್ಲಿ.

ಹೃದಯದ ಬಲಭಾಗದಿಂದ ಹೊರಟ ರಕ್ತ ಶ್ವಾಸಕೋಶದ ವಾಯುಕೋಶಗಳನ್ನು ಬಳಸಿ ಹರಿಯುವಾಗ ಆಕ್ಸಿಜನ್ ತುಂಬಿಕೊಳ್ಳುತ್ತದೆ. ಕೆಲವು ವಾಯುಕೋಶಗಳಲ್ಲಿ ಕೀವು ಅಥವಾ ನೀರು ತುಂಬಿದ್ದರೆ, ಇಲ್ಲವೇ ಅವು ಕುಸಿದಿದ್ದರೆ, ಅಲ್ಲಿಗೆ ಹೋದ ರಕ್ತ ಬರಿಗೈಲಿ ವಾಪಸಾಗುತ್ತದೆ. ಇದನ್ನೇ ವೈದ್ಯರು ಷಂಟ್ ಎನ್ನುವುದು. ಆರೋಗ್ಯವಂತರಲ್ಲೂ ಶೇ 2ರಿಂದ 5ರಷ್ಟು ರಕ್ತ ಹೀಗೆ ಹಾದುಹೋಗುತ್ತದೆ, ಅದರಿಂದ ತೊಂದರೆಯಿಲ್ಲ.

ಲೆಕ್ಕ ಹಾಕಿ ನೋಡೋಣ. 100 ಮಿಲಿ ರಕ್ತದಲ್ಲಿ 15 ಗ್ರಾಂ ಹಿಮೋಗ್ಲೋಬಿನ್ ಇದ್ದರೆ ಅದು ಹೊರಬಲ್ಲ ಆಕ್ಸಿಜನ್ ಸುಮಾರು 20 ಮಿಲಿ. ಶುದ್ಧ ಆಕ್ಸಿಜನ್ ಉಸಿರಾಡಿದಾಗ ಇನ್ನೂ 2 ಮಿಲಿಯಷ್ಟು ರಕ್ತದಲ್ಲಿ ಕರಗುತ್ತದೆ. ಅಂದರೆ ಒಳ್ಳೆಯ ವಾಯುಕೋಶದಿಂದ ಬಂದ ರಕ್ತದಲ್ಲಿ 22 ಮಿಲಿ. ಷಂಟ್ ಶೇ 50 ಇದ್ದು, ದೇಹ 5 ಮಿಲಿ ಬಳಸಿಕೊಳ್ಳುತ್ತಿದ್ದರೆ, ಬರಿಗೈಲಿ ಬಂದ ರಕ್ತದಲ್ಲಿರುವುದು 12 ಮಿಲಿ ಮಾತ್ರ. ಎರಡೂ ಸಮಪಾಲು ಬೆರೆತರೆ 17; ಅದರಲ್ಲಿ ದೇಹ ಬಳಸುವ 5 ಕಳೆದರೆ ಮತ್ತೆ ಅದೇ 12. ಇಪ್ಪತ್ತಕ್ಕೆ ಹದಿನೇಳು, ಅಂದರೆ ಶೇ 85. ತುಂಬಿದ ಕೊಡಕ್ಕೆ ಎಷ್ಟು ನೀರು ಸುರಿದರೂ ಪಕ್ಕದ ಕೊಡ ತುಂಬುವುದಿಲ್ಲವಲ್ಲ.

ಈ ಲೆಕ್ಕದ ಸೂತ್ರವನ್ನು 1942ರಲ್ಲಿ ಬೆರ್‌ಗ್ರೆನ್ ಪ್ರಕಟಿಸಿದರು. ಕರಾರುವಾಕ್ಕಾಗಿ ಅಳೆಯಲು ಹೃದಯದ ಮೂಲಕ ಶ್ವಾಸಕೋಶದ ಧಮನಿಗೆ ಕ್ಯಾತಿಟರ್ ಇಳಿಸಿ ರಕ್ತ ತೆಗೆಯಬೇಕು. ಎಲ್ಲರಿಗೂ ಅದು ಸಾಧ್ಯವಿಲ್ಲ. 1973ರಲ್ಲಿ ಬೆನಟಾರ್, ಹ್ಯೂಲೆಟ್ ಮತ್ತು ನನ್ ಒಂದು ನಕ್ಷೆ ಮಾಡಿಕೊಟ್ಟರು. ಕೊಡುತ್ತಿರುವ ಆಕ್ಸಿಜನ್ ಎಷ್ಟು, ಧಮನಿಯ ರಕ್ತದಲ್ಲಿ ಅದರ ಒತ್ತಡ ಎಷ್ಟು ಎಂಬುದು ಗೊತ್ತಿದ್ದರೆ ಷಂಟ್ ಎಷ್ಟಿರಬಹುದೆಂದು ಅದರಲ್ಲಿ ಅಂದಾಜಿಸಬಹುದು. ಷಂಟ್ ಶೇ 10ರ ಆಸುಪಾಸಿನಲ್ಲಿದ್ದರೆ ಸ್ವಲ್ಪ ಆಕ್ಸಿಜನ್ ಹೆಚ್ಚಿಸಿದರೂ ಒತ್ತಡದ ಗೆರೆ ಕಡಿದಾಗಿ ಏರುತ್ತದೆ. ಶೇ 30 ದಾಟಿದರೆ ಹೆಚ್ಚುಕಡಿಮೆ ಚಪ್ಪಟೆಯಾಗುತ್ತದೆ.

ಚಿಕಿತ್ಸೆಯ ದಿಕ್ಕು ತಿರುಗುವುದು ಇಲ್ಲೇ. ಗೆರೆ ಚಪ್ಪಟೆಯಾಗಿದ್ದರೆ ಆಕ್ಸಿಜನ್ ಸುರಿಯುವುದಕ್ಕಿಂತ ಮುಚ್ಚಿದ ವಾಯುಕೋಶಗಳನ್ನು ತೆರೆಯುವುದು ಮುಖ್ಯ. ಉಸಿರು ಬಿಟ್ಟಾಗಲೂ ಅವು ಕುಸಿಯದಂತೆ ವೆಂಟಿಲೇಟರ್‌ನಲ್ಲಿ ಪೀಪ್ ಎಂಬ ಒತ್ತಡ ಇಡುತ್ತಾರೆ. ರೋಗಿಯನ್ನು ಬೋರಲು ಮಲಗಿಸುತ್ತಾರೆ. ಶ್ವಾಸಕೋಶಕ್ಕೆ ತೀವ್ರ ಹಾನಿಯಾದವರ ಮೇಲೆ ಫ್ರಾನ್ಸ್ ಮತ್ತು ಸ್ಪೇನ್‌ಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪ್ರೊಸೆವಾ ಅಧ್ಯಯನದಲ್ಲಿ, 28 ದಿನಗಳ ಸಾವಿನ ಪ್ರಮಾಣ ಬೋರಲು ಮಲಗಿಸದವರಲ್ಲಿ ಶೇ 32.8 ಇದ್ದರೆ, ಮಲಗಿಸಿದವರಲ್ಲಿ ಶೇ 16 ಇತ್ತು. ಕೋವಿಡ್ ಎರಡನೇ ಅಲೆಯಲ್ಲಿ ನಮ್ಮ ಮನೆಮನೆಗಳಿಗೂ ಬೋರಲು ಮಲಗುವ ಸಲಹೆ ತಲುಪಿತ್ತು.

ಅತಿಯಾದ ಆಕ್ಸಿಜನ್‌ನಿಂದ ತೊಂದರೆಯೂ ಉಂಟು. ಗಾಳಿಯಲ್ಲಿರುವ ಶೇ 78ರಷ್ಟು ನೈಟ್ರೋಜನ್ ರಕ್ತಕ್ಕೆ ಅಷ್ಟಾಗಿ ಸೇರದೆ ವಾಯುಕೋಶಗಳನ್ನು ತೆರೆದಿಡುತ್ತದೆ. ಅದರ ಜಾಗದಲ್ಲಿ ಆಕ್ಸಿಜನ್ ಮಾತ್ರ ಇದ್ದರೆ, ಗಾಳಿ ಸರಿಯಾಗಿ ಆಡದ ಕಡೆ ರಕ್ತ ಅದನ್ನು ಪೂರ್ತಿ ಹೀರಿಕೊಂಡು ವಾಯುಕೋಶ ಕುಸಿಯುತ್ತದೆ. ಷಂಟ್ ಇನ್ನಷ್ಟು ಹೆಚ್ಚುತ್ತದೆ.

ಆದ್ದರಿಂದ ನಿಮ್ಮವರು ಆಸ್ಪತ್ರೆಯಲ್ಲಿದ್ದರೆ ಸ್ಯಾಚುರೇಷನ್ ಎಷ್ಟಿದೆ ಎಂದಷ್ಟೇ ಕೇಳಬೇಡಿ. ಎಷ್ಟು ಆಕ್ಸಿಜನ್ ಕೊಟ್ಟಾಗ ಅಷ್ಟಿದೆ ಎಂದೂ ಕೇಳಿ. ಬರೀ ಗಾಳಿಯಲ್ಲಿ 94 ಇರುವ ರೋಗಿಯೂ, ಶೇ 80 ಆಕ್ಸಿಜನ್ ಮೇಲೆ 94 ಇರುವ ರೋಗಿಯೂ ಒಂದೇ ಸ್ಥಿತಿಯಲ್ಲಿಲ್ಲ.